ಮುಂದಿನ ತಾರೀಖು ಹಾಕಿಟ್ಟ ಬರಹಗಳು: ಇದರಲ್ಲೊಂದು ಕಥೆ ಇದೆಯೇ?

ಮಸಿಕುಡಿಕೆ

ಒಂದು ಕಥೆಯ ಎಳೆ ಬಹಳ ದಿನಗಳಿಂದ ತಲೆಯಲ್ಲಿ ಸುತ್ತುತ್ತಿದೆ. ಎಳೆ ಕೈಯಲ್ಲಿದೆ, ಕಥೆ ಮಾತ್ರ ಸಿಗುತ್ತಿಲ್ಲ. ಹಾಗಾಗಿ ನಿಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ.

ಬ್ಲಾಗ್ ಬರೆಯುವವರಿಗೆಲ್ಲ ಈ ಸೌಲಭ್ಯ ಗೊತ್ತು. ಇವತ್ತು ಬರೆದು, ಮುಂದಿನ ತಿಂಗಳ ಯಾವುದೋ ತಾರೀಖು ಹಾಕಿಟ್ಟರೆ, ಆ ದಿನ ಅದು ತಾನಾಗಿಯೇ ಪ್ರಕಟವಾಗುತ್ತದೆ. ನನ್ನ ನಾಯಕಿ ವಾರಕ್ಕೆರಡು ಸಲ ತಪ್ಪದೆ ಬರೆಯುವವಳು. ಕಾಯಿಲೆ ಬಿದ್ದ ಅಣ್ಣನನ್ನು ನೋಡಿಕೊಳ್ಳಲು ಆರೇಳು ವಾರ ಇಂಟರ್ನೆಟ್ ಸಿಗದ ಕಡೆಗೆ ಹೋಗಬೇಕಾಗಿದೆ. ಓದುಗರಿಗೆ ಹೇಳಿಕೊಳ್ಳುವ ಮನಸ್ಸಿಲ್ಲ. ಹೊರಡುವ ಮುನ್ನ ಅಷ್ಟೂ ವಾರಗಳಿಗೆ ಬೇಕಾದ ಬರಹಗಳನ್ನು ಕೂತು ಬರೆಯುತ್ತಾಳೆ, ಒಂದೊಂದಕ್ಕೂ ತಾರೀಖು ಹಾಕುತ್ತಾಳೆ, ಮನೆಗೆ ಬೀಗ ಹಾಕಿಕೊಂಡು ಹೊರಡುತ್ತಾಳೆ. ಪ್ರತಿ ಬರಹವೂ "ಇಂದು" ಎಂದೇ ಶುರುವಾಗುತ್ತದೆ. ಇಂದು ಚಳಿ ಹೆಚ್ಚು, ಇಂದು ನಿದ್ದೆ ಹತ್ತಲಿಲ್ಲ, ಇಂದು ಕಿಟಕಿ ತೆರೆದಾಗ ಹೀಗಾಯಿತು. ಇದರಲ್ಲಿ ಒಂದೂ ಇನ್ನೂ ಆಗಿಲ್ಲ.

ನನ್ನನ್ನು ಕಾಡುತ್ತಿರುವುದು ಈ "ಇಂದು". ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಕಂಡಿದ್ದೇವೆ. ಇವಳು ಕೂಸಿಗೆ ಹಲ್ಲು ಬಂತು ಎಂದೇ ಬರೆದಿಟ್ಟು ಹೋಗುತ್ತಿದ್ದಾಳೆ.

ಇಲ್ಲಿಂದ ಮುಂದೆ ಏನಾಗಬೇಕು? ಒಂದೇ ವಿನಂತಿ, ಅವಳನ್ನು ಸಾಯಿಸಬೇಡಿ. ಸತ್ತವರ ಬರಹಗಳು ಬರುತ್ತಲೇ ಇರುವ ಕಥೆಯನ್ನು ಎಲ್ಲರೂ ಒಮ್ಮೆಯಾದರೂ ಓದಿದ್ದಾರೆ.

ಇರುಳುಗಣ್ಣ

ಎಲ್ಲರೂ ಓದಿದ್ದಾರೆ ಎಂಬ ಕಾರಣಕ್ಕೆ ಬಿಡುವುದೇಕೆ? ಅದು ಎದೆಗೆ ತಾಕುವುದರಿಂದಲೇ ಎಲ್ಲರೂ ಬರೆಯುತ್ತಾರೆ. ನಿಜಜೀವನದಲ್ಲೂ ನಡೆದಿದೆ. ಅಮೆರಿಕದ ಸೇನೆಯ ಮೇಜರ್ ಆಂಡ್ರ್ಯೂ ಓಲ್ಮ್‌ಸ್ಟೆಡ್ 2008ರ ಜನವರಿ 3ರಂದು ಇರಾಕಿನಲ್ಲಿ ಹತರಾದರು. ತಾವು ಸತ್ತರೆ ಪ್ರಕಟವಾಗಲಿ ಎಂದು ಮೊದಲೇ ಬರೆದಿಟ್ಟಿದ್ದ ಬರಹ ಮರುದಿನವೇ ಹೊರಬಂತು. ಕೆನಡಾದ ಡೆರೆಕ್ ಮಿಲ್ಲರ್ ಕ್ಯಾನ್ಸರ್‌ನಿಂದ 2011ರ ಮೇ 3ರಂದು ತೀರಿಕೊಂಡಾಗಲೂ ಹಾಗೆಯೇ ಆಯಿತು. ಅವರ ಕೊನೆಯ ಬರಹವನ್ನು ಓದಲು ಜನ ಮುಗಿಬಿದ್ದರು. ಇದಕ್ಕಿಂತ ದೊಡ್ಡ ಕಥೆ ಬೇಕೇ?

ಕತ್ತರಿ

ಇರುಳುಗಣ್ಣ ಅವರೇ, ನೀವು ಕೊಟ್ಟ ಎರಡೂ ಉದಾಹರಣೆಗಳು ನಿಮ್ಮ ವಾದಕ್ಕೇ ಎದುರಾಗಿ ನಿಲ್ಲುತ್ತವೆ. ಆ ಎರಡೂ ಬರಹಗಳನ್ನು ಗಡಿಯಾರ ಹೊರಗೆ ಹಾಕಲಿಲ್ಲ. ಒಂದನ್ನು ಸ್ನೇಹಿತರು ಹಾಕಿದರು, ಇನ್ನೊಂದನ್ನು ಹತ್ತಿರದವರು. ಹಾಕಲೇಬೇಕಿತ್ತು, ಏಕೆಂದರೆ ತಾರೀಖು ಹಾಕಲು ತಾರೀಖು ಗೊತ್ತಿರಬೇಕಲ್ಲ. ಸಾವಿಗೆ ಅದು ಇಲ್ಲ.

ಯಂತ್ರದಿಂದಲೇ ಮಾಡಿಸಬೇಕೆಂದರೆ ಬೇರೆಯದೇ ವ್ಯವಸ್ಥೆ ಬೇಕು. ಗೂಗಲ್ 2013ರಲ್ಲಿ ಅಂಥದ್ದೊಂದನ್ನು ತಂದಿತು. ಖಾತೆ ಎಷ್ಟು ಕಾಲ ಸುಮ್ಮನಿದ್ದರೆ ನೀವು ಹೋದಿರಿ ಎಂದು ತಿಳಿಯಬೇಕು, 3 ತಿಂಗಳೋ 18 ತಿಂಗಳೋ ಎಂಬುದನ್ನು ನೀವೇ ಆರಿಸಬಹುದು. ಅದು ಕಾಯುವುದು ದಿನಾಂಕಕ್ಕಾಗಿ ಅಲ್ಲ, ಮೌನಕ್ಕಾಗಿ. ಅಲ್ಲಿ ಬದುಕಿರುವವನು ಬದುಕಿದ್ದೇನೆಂದು ಆಗಾಗ ತೋರಿಸುತ್ತಲೇ ಇರಬೇಕು. ಅದೂ ಒಂದು ಕಥೆಯೇ, ಆದರೆ ಇದಲ್ಲ.

ಮುಂದಿನ ತಾರೀಖು ಹಾಕಿ ಬರೆಯುವವರು ಆ ದಿನ ತಾವು ಇರುತ್ತೇವೆಂದು ನಂಬಿದವರು. ಹಾಗಾಗಿ ಮಸಿಕುಡಿಕೆ ಅವರು ಹಾಕಿದ ಷರತ್ತು ಸರಿಯಾಗಿದೆ. ಅವಳು ಬದುಕಿರಲಿ. ಬೇರೇನಾದರೂ ಸಾಯಲಿ.

ಹಳೇಕಾಗದ

ಸತ್ತವರು ಬರೆದದ್ದು ಬೇಕೆಂದರೆ ಪತ್ರಿಕೆಗಳಲ್ಲಿ ಅದು ದಿನನಿತ್ಯದ ಕೆಲಸ. ದೊಡ್ಡವರ ನಿಧನವಾರ್ತೆಗಳನ್ನು ಅವರು ಆರೋಗ್ಯವಾಗಿರುವಾಗಲೇ ಬರೆದಿಡುತ್ತಾರೆ. ನಟಿ ಎಲಿಜಬೆತ್ ಟೇಲರ್ 2011ರಲ್ಲಿ ತೀರಿಕೊಂಡಾಗ ನ್ಯೂಯಾರ್ಕ್ ಟೈಮ್ಸ್ ಪ್ರಕಟಿಸಿದ ನಿಧನವಾರ್ತೆಯನ್ನು ಬರೆದ ಮೆಲ್ ಗಸ್ಸೋ 2005ರಲ್ಲೇ ತೀರಿಕೊಂಡಿದ್ದರು.

ಆದರೆ ನಾನು ಹೇಳಹೊರಟದ್ದು ಬೇರೆ. ಆಗದೇ ಹೋದ ನಾಳೆಗಾಗಿ ಬರೆದಿಟ್ಟ ಎರಡು ಕಾಗದಗಳಿವೆ. 1969ರ ಜುಲೈ 18ರಂದು, ಚಂದ್ರನ ಮೇಲೆ ಇಳಿಯುವುದಕ್ಕೆ ಎರಡು ದಿನ ಮೊದಲು, ಅಮೆರಿಕದ ಅಧ್ಯಕ್ಷ ನಿಕ್ಸನ್ ಅವರಿಗೆ ಭಾಷಣ ಬರೆದುಕೊಡುತ್ತಿದ್ದ ವಿಲಿಯಂ ಸಫೈರ್ ಒಂದು ಟಿಪ್ಪಣಿ ಬರೆದರು. ಗಗನಯಾತ್ರಿಗಳು ಅಲ್ಲಿಂದ ಮರಳಲಾಗದಿದ್ದರೆ ಅಧ್ಯಕ್ಷರು ಓದಬೇಕಾದ ಭಾಷಣ ಅದು. ಓದುವ ಮುನ್ನ ಅಧ್ಯಕ್ಷರು ಆ ಗಗನಯಾತ್ರಿಗಳ ಹೆಂಡತಿಯರಿಗೆ ಫೋನ್ ಮಾಡಬೇಕು ಎಂಬ ಸೂಚನೆಯೂ ಅದರಲ್ಲಿದೆ.

ಇನ್ನೊಂದು 1944ರದು. ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸಿನ ನಾರ್ಮಂಡಿ ತೀರದ ಮೇಲಿನ ದಾಳಿ ಸೋತರೆ ಹೊರಡಿಸಲೆಂದು ಜನರಲ್ ಐಸೆನ್‌ಹೋವರ್ ಕೈಬರಹದಲ್ಲಿ ಬರೆದುಕೊಂಡ ನಾಲ್ಕಾರು ಸಾಲಿನ ಚೀಟಿ. ಮೊದಲು "ಪಡೆಗಳನ್ನು ಹಿಂತೆಗೆಯಲಾಗಿದೆ" ಎಂಬರ್ಥದಲ್ಲಿ ಬರೆದು, ಅದನ್ನು ಹೊಡೆದುಹಾಕಿ "ನಾನು ಹಿಂತೆಗೆದಿದ್ದೇನೆ" ಎಂದು ತಿದ್ದಿದ್ದಾರೆ. ಸೋಲಿನ ಹೊಣೆ ಪೂರ್ತಿ ತನ್ನದೇ ಎಂದಿದ್ದಾರೆ. ಕೆಳಗೆ ತಾರೀಖು ಜುಲೈ 5 ಎಂದಿದೆ. ಅದು ಬರೆದದ್ದು ಜೂನ್ 5ರಂದು.

ಇಡೀ ದಾಳಿಯ ಗಳಿಗೆಯನ್ನು ಗೊತ್ತು ಮಾಡಿದ ಮನುಷ್ಯ ತಿಂಗಳನ್ನೇ ತಪ್ಪಿ ಬರೆದಿದ್ದಾನೆ. ಮಸಿಕುಡಿಕೆ ಅವರೇ, ನಿಮ್ಮ ನಾಯಕಿಯ ಒಂದು ಬರಹದಲ್ಲಿ ಇಂಥ ಒಂದು ಜಾರಿಕೆ ಇರಲಿ. ಬೇರೆ ಯಾವ ವರ್ಣನೆಯೂ ಬೇಕಾಗುವುದಿಲ್ಲ.

ಮಸಿಕುಡಿಕೆ

ಹಳೇಕಾಗದ ಅವರೇ, ಆ ಹೊಡೆದುಹಾಕಿದ ಸಾಲನ್ನು ಓದಿ ಸ್ವಲ್ಪ ಹೊತ್ತು ಹಾಗೆಯೇ ಕೂತಿದ್ದೆ. ಧನ್ಯವಾದಗಳು. ಹಾಗಾದರೆ ಅವಳು ಒಂದೇ ದಿನಕ್ಕೆ ಎರಡು ಬರಹ ಬರೆದಿಟ್ಟರೆ ಹೇಗೆ? ಒಂದು ಅಣ್ಣ ಚೇತರಿಸಿಕೊಂಡರೆ, ಇನ್ನೊಂದು ಆಗದಿದ್ದರೆ. ಸಮಯಕ್ಕೆ ಸರಿಯಾಗಿ ಒಂದನ್ನು ಅಳಿಸಬೇಕು, ಅಳಿಸಲಾಗುವುದಿಲ್ಲ.

ಕತ್ತರಿ

ಬೇಡ. ಎರಡರಲ್ಲಿ ಒಂದು ಎಂದ ಕೂಡಲೇ ಓದುಗ ನಾಣ್ಯ ಚಿಮ್ಮಿದ್ದನ್ನು ನೋಡುತ್ತಾ ಕೂರುತ್ತಾನೆ, ಅವಳನ್ನು ನೋಡುವುದಿಲ್ಲ. ಅಲ್ಲದೆ ಓದುಗರಿಗೆ ಅಣ್ಣನ ವಿಷಯ ಹೇಳುವ ಮನಸ್ಸಿಲ್ಲ ಎಂದು ನೀವೇ ಹೇಳಿದ್ದೀರಿ. ಆ ಮೌನವನ್ನು ಕೆಡಿಸಬೇಡಿ.

ರಾತ್ರಿಪಾಳಿ

ನಾನು ಕಥೆಗಾರನಲ್ಲ, ಸರ್ವರ್‌ಗಳನ್ನು ನೋಡಿಕೊಳ್ಳುವವನು. ನೀವೆಲ್ಲ "ತಾನಾಗಿಯೇ ಪ್ರಕಟವಾಗುತ್ತದೆ" ಎಂದು ಬರೆಯುತ್ತಿರುವುದನ್ನು ನೋಡಿ ಸುಮ್ಮನಿರಲಾಗಲಿಲ್ಲ.

ಬ್ಲಾಗ್ ನಡೆಸುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನಲ್ಲಿ ಮುಂದಿನ ತಾರೀಖು ಹಾಕಿದ ಬರಹ ಎಲ್ಲಿಗೂ ಹೋಗಿರುವುದಿಲ್ಲ. ಉಳಿದ ಬರಹಗಳ ಜೊತೆಗೇ ಅದೇ ಡೇಟಾಬೇಸಿನಲ್ಲಿ ಕೂತಿರುತ್ತದೆ. ಅದರ ಸ್ಥಿತಿಯ ಕಾಲಂನಲ್ಲಿ "ಪಬ್ಲಿಶ್" ಎಂಬ ಪದದ ಬದಲು "ಫ್ಯೂಚರ್" ಎಂದಿರುತ್ತದೆ, ಅಷ್ಟೇ ವ್ಯತ್ಯಾಸ. ವೇಳೆಯಾದಾಗ ಆ ಪದವನ್ನು ಬದಲಿಸಬೇಕು. ಯಾರು ಬದಲಿಸುತ್ತಾರೆ? ಯುನಿಕ್ಸ್ ಯಂತ್ರಗಳಲ್ಲಿ ಕ್ರಾನ್ ಎಂಬ ಕಾವಲುಗಾರನಿದ್ದಾನೆ, ನಿಮಿಷಕ್ಕೊಮ್ಮೆ ಎದ್ದು ಪಟ್ಟಿ ನೋಡುತ್ತಾನೆ. ವರ್ಡ್‌ಪ್ರೆಸ್ ಎಲ್ಲ ಸರ್ವರ್‌ಗಳಲ್ಲೂ ನಡೆಯಬೇಕಲ್ಲ, ಹಾಗಾಗಿ ಅವನನ್ನು ನೆಚ್ಚಿಕೊಳ್ಳುವುದಿಲ್ಲ. ತನ್ನದೇ ಒಂದು ಅನುಕರಣೆ ಇಟ್ಟುಕೊಂಡಿದೆ. ಅದು ತಾನಾಗಿ ಏಳುವುದೇ ಇಲ್ಲ. ಯಾರಾದರೂ ತಾಣಕ್ಕೆ ಬಂದು ಒಂದು ಪುಟ ತೆರೆದಾಗ, "ಏನಾದರೂ ಬಾಕಿ ಇದೆಯೇ" ಎಂದು ಪಟ್ಟಿ ನೋಡುತ್ತದೆ.

ಅಂದರೆ ಬೆಳಿಗ್ಗೆ 6ಕ್ಕೆ ಎಂದು ಇಟ್ಟ ಬರಹ, ಮೊದಲ ಓದುಗ 9ಕ್ಕೆ ಬಂದರೆ 9ಕ್ಕೇ ಹೊರಬರುತ್ತದೆ. ಯಾರೂ ಬರದಿದ್ದರೆ ಹೊರಬರುವುದೇ ಇಲ್ಲ. ತಾಣಗಳನ್ನು ತಾವಾಗಿ ಸುತ್ತುವ ಹುಡುಕುಯಂತ್ರಗಳ ಬಾಟ್‌ಗಳು ಬಂದರೂ ಸಾಕು ಎನ್ನಿ, ಅವೂ ಸಂದರ್ಶಕರೇ. ದೊಡ್ಡ ತಾಣಗಳವರು ಈ ಕಿರಿಕಿರಿ ಬೇಡವೆಂದು ನಿಜವಾದ ಕ್ರಾನ್‌ಗೇ ಕೆಲಸ ಒಪ್ಪಿಸಿರುತ್ತಾರೆ.

ಇನ್ನೂ ಎರಡು ಸಂಗತಿ. ಬಂದವನಿಗೆ ಪುಟ ನಿಧಾನವಾಗಬಾರದೆಂದು ಆ ಕೆಲಸವನ್ನು ಹಿನ್ನೆಲೆಯಲ್ಲಿ ಬೇರೆಯಾಗಿ ಓಡಿಸುತ್ತದೆ. ಹಾಗಾಗಿ ಬರಹವನ್ನು ಹೊರಗೆ ತಂದವನಿಗೆ ಸಾಮಾನ್ಯವಾಗಿ ಆ ಬರಹ ಕಾಣುವುದಿಲ್ಲ. ಅವನು ಪುಟವನ್ನು ಮತ್ತೊಮ್ಮೆ ತೆರೆಯಬೇಕು. ಎರಡನೆಯದು, ಎಷ್ಟೇ ತಡವಾಗಿ ಹೊರಬಂದರೂ ಬರಹದ ಮೇಲೆ ಕಾಣುವುದು ಮೊದಲು ನಿಗದಿ ಮಾಡಿದ ಸಮಯವೇ. ತಡವಾಯಿತೆಂಬ ಸುಳಿವು ಓದುಗನಿಗೆ ಸಿಗುವುದಿಲ್ಲ.

ಮೂಲೆಯೋದುಗ

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ರಾತ್ರಿಪಾಳಿ ಸರ್, ಕಥೆಗಾರನಲ್ಲ ಎಂದು ಹೇಳಿ ಇಡೀ ಕಥೆಯನ್ನೇ ಕೊಟ್ಟುಬಿಟ್ಟಿರಲ್ಲ! ಓದುವವನು ಬಂದು ಬಾಗಿಲು ತಟ್ಟಿದರೆ ಮಾತ್ರ ಅವಳ "ಇಂದು" ಹುಟ್ಟುತ್ತದೆ, ತಟ್ಟಿದವನಿಗೇ ಅದು ಕಾಣುವುದಿಲ್ಲ.

ಕತ್ತರಿ

ಇದು ನಿಜಕ್ಕೂ ಒಳ್ಳೆಯದು. ಒಬ್ಬ ಓದುಗ ಬೇಕು, ಇಬ್ಬರಲ್ಲ. ಪುಟವನ್ನು ಯಾವಾಗಲೂ ಎರಡು ಸಲ ತೆರೆಯುವ ಅಭ್ಯಾಸದವನು. ಏಕೆಂದು ಅವನಿಗೂ ಗೊತ್ತಿಲ್ಲ, ಎರಡನೆಯ ಸಲಕ್ಕೆ ಸಿಗುತ್ತದೆ ಎಂಬುದಷ್ಟೇ ಗೊತ್ತು. ಈ ತಾಂತ್ರಿಕ ವಿವರಣೆಯನ್ನು ಮಾತ್ರ ದಯವಿಟ್ಟು ಕಥೆಯೊಳಗೆ ತರಬೇಡಿ. ಅವನ ಬೆರಳಿನ ಅಭ್ಯಾಸ ಸಾಕು.

ಈಗ ಉಳಿದಿರುವ ಪ್ರಶ್ನೆ, ಅವಳು ಯಾವುದರ ಬಗ್ಗೆ ಬರೆಯುತ್ತಾಳೆ? ಚಳಿ, ನಿದ್ದೆ, ಕಿಟಕಿ ಎಂದರೆ ಯಾರು ತಾನೇ ಸುಳ್ಳನ್ನು ಹಿಡಿಯುತ್ತಾರೆ? ಹಿಡಿಯಬಹುದಾದ ಸುಳ್ಳು ಬೇಕು.

ಇರುಳುಗಣ್ಣ

ಒಂದು ಅಡ್ಡಮಾತು. ಪೆಸಿಫಿಕ್ ಸಾಗರದ ಸಮೋವಾ ದೇಶ 2011ರಲ್ಲಿ ದಿನಾಂಕ ರೇಖೆಯ ಆಚೆ ಬದಿಗೆ ದಾಟಿತು. ಅಲ್ಲಿ ಡಿಸೆಂಬರ್ 29 ಗುರುವಾರ ಮುಗಿದ ಮೇಲೆ ಬಂದದ್ದು ಡಿಸೆಂಬರ್ 31 ಶನಿವಾರ. ಶುಕ್ರವಾರ 30 ಎಂಬುದು ಇರಲೇ ಇಲ್ಲ. ಆ ದಿನಕ್ಕೆಂದು ವರ್ಷದ ಆರಂಭದಲ್ಲೇ ಯಾರಾದರೂ ಏನಾದರೂ ಬರೆದಿಟ್ಟಿದ್ದರೆ?

ಕತ್ತರಿ

ಚೆಂದ ಇದೆ, ಆದರೆ ಇಲ್ಲಿಗೆ ಹೊಂದುವುದಿಲ್ಲ. ಅದಕ್ಕೆ ಬೇರೆ ಎಳೆ ಶುರುಮಾಡಿ, ಓದುತ್ತೇನೆ.

ಚುಕ್ಕಿಲೆಕ್ಕ

ಅವಳನ್ನು ಆಕಾಶದ ಬಗ್ಗೆ ಬರೆಯುವವಳನ್ನಾಗಿ ಮಾಡಿ. ಮುಂಚಿತವಾಗಿ ಬರೆದೂ ನಿಜ ಹೇಳಬಹುದಾದ ವಿಷಯ ಇರುವುದು ಅದೊಂದೇ. 2028ರ ಡಿಸೆಂಬರ್ 31ರಂದು ಸಂಪೂರ್ಣ ಚಂದ್ರಗ್ರಹಣ ಎಂದು ನಾನು ಇವತ್ತೇ ಬರೆದಿಡಬಹುದು, ಗ್ರಹಣ ಬಂದೇ ಬರುತ್ತದೆ. ಹಾಗಾಗಿ ಅವಳಿಗೆ ತಾನು ಮೋಸ ಮಾಡುತ್ತಿದ್ದೇನೆ ಎನಿಸುವುದಿಲ್ಲ. ಗ್ರಹ ಎಲ್ಲಿರುತ್ತದೆ, ಚಂದ್ರ ಎಷ್ಟು ಹೊತ್ತಿಗೆ ಮೂಡುತ್ತಾನೆ, ಎಲ್ಲ ಲೆಕ್ಕವೇ. ಮೋಡವೊಂದನ್ನು ಬಿಟ್ಟು.

ಕಥೆಯ ಕಾಲವನ್ನು 2013ರ ಚಳಿಗಾಲಕ್ಕೆ ಇಡಿ. ಐಸಾನ್ ಧೂಮಕೇತು ನೆನಪಿದೆಯೇ? 2012ರ ಸೆಪ್ಟೆಂಬರಿನಲ್ಲಿ ರಷ್ಯಾದಿಂದ ಇಬ್ಬರು ಅದನ್ನು ಕಂಡುಹಿಡಿದರು. ಶತಮಾನದ ಧೂಮಕೇತು ಎಂದು ಪತ್ರಿಕೆಗಳು ಕೊಂಡಾಡಿದವು, ಹುಣ್ಣಿಮೆಯ ಚಂದ್ರನಷ್ಟು ಹೊಳೆಯಬಹುದು ಎಂದೂ ಕೆಲವರು ಬರೆದರು. 2013ರ ನವೆಂಬರ್ 28ರಂದು ಸೂರ್ಯನ ಮೇಲ್ಮೈಯಿಂದ ಸುಮಾರು 12 ಲಕ್ಷ ಕಿಲೋಮೀಟರ್ ದೂರದಲ್ಲಿ ಹಾದುಹೋಗಬೇಕಿತ್ತು. ಉಳಿದುಬಂದರೆ ಡಿಸೆಂಬರಿನಲ್ಲಿ ಬೆಳಗಿನ ಜಾವದ ಪೂರ್ವಾಕಾಶದಲ್ಲಿ ಹಬ್ಬ ಎಂದು ನಾವೆಲ್ಲ ಕಾದಿದ್ದೆವು.

ಅದು ಸೂರ್ಯನ ಹತ್ತಿರ ಹೋಗಿ ಪುಡಿಯಾಯಿತು. ಅಷ್ಟಕ್ಕೇ ಮುಗಿಯಲಿಲ್ಲ. ಸತ್ತಿತು ಎಂದುಕೊಂಡ ಕೆಲವೇ ಗಂಟೆಗಳಲ್ಲಿ ಸೂರ್ಯನ ಆಚೆ ಬದಿಯಿಂದ ಒಂದು ಮಸುಕು ಬೆಳಕು ಹೊರಬಂತು, ಹೊಳಪೂ ಏರಿತು. ವಿಜ್ಞಾನಿಗಳು ಬದುಕಿದೆಯೇನೋ ಎಂದರು. ಒಂದೆರಡು ದಿನದಲ್ಲಿ ಆ ಬೆಳಕೂ ಹರಡಿ ಮಾಯವಾಯಿತು. ಡಿಸೆಂಬರ್ ಮಧ್ಯದಲ್ಲಿ ಹಬಲ್ ದೂರದರ್ಶಕ ಅದು ಇರಬೇಕಾದ ಜಾಗವನ್ನು ನೋಡಿದಾಗ ಅಲ್ಲಿ ಏನೂ ಇರಲಿಲ್ಲ.

ನಿಮ್ಮ ನಾಯಕಿ ನವೆಂಬರ್ ಮಧ್ಯದಲ್ಲೇ ಹೊರಟಿದ್ದಾಳೆ. ಡಿಸೆಂಬರಿನ ಬರಹಗಳು ಸರದಿಯಲ್ಲಿ ನಿಂತಿವೆ.

ಮಸಿಕುಡಿಕೆ

ಅಬ್ಬಾ. ಬೇರೇನಾದರೂ ಸಾಯಲಿ ಎಂದು ಕತ್ತರಿ ಅವರು ಕೇಳಿದ್ದು ಸಿಕ್ಕಿತು.

ಹಳೇಕಾಗದ

ಒಂದು ಅನುಮಾನ. ಬಲ್ಲವಳಾಗಿದ್ದರೆ ಅಷ್ಟು ಧೈರ್ಯವಾಗಿ ಹೇಗೆ ಬರೆದಾಳು? ಧೂಮಕೇತುವನ್ನು ನೆಚ್ಚಬಾರದು ಎಂಬುದು ಆಕಾಶ ನೋಡುವವರಿಗೆ ಗೊತ್ತಿರುವುದಿಲ್ಲವೇ?

ಚುಕ್ಕಿಲೆಕ್ಕ

ಗೊತ್ತಿರುತ್ತದೆ. ಆದರೆ ಅವಳಿಗೊಂದು ನೆಪವೂ ಇದೆ. ಎರಡು ವರ್ಷ ಹಿಂದೆ, 2011ರ ಡಿಸೆಂಬರಿನಲ್ಲಿ, ಲವ್‌ಜಾಯ್ ಎಂಬ ಧೂಮಕೇತು ಸೂರ್ಯನಿಗೆ ಇನ್ನೂ ಹತ್ತಿರ, ಮೇಲ್ಮೈಯಿಂದ ಕೇವಲ 1 ಲಕ್ಷ 40 ಸಾವಿರ ಕಿಲೋಮೀಟರಿನಷ್ಟು ದೂರದಲ್ಲಿ ಹಾದುಹೋಗಿತ್ತು. ಎಲ್ಲರೂ ಆಸೆ ಬಿಟ್ಟಿದ್ದರು. ಅದು ಆಚೆ ಬದಿಯಿಂದ ಹೊರಬಂದು ದಕ್ಷಿಣ ಗೋಳಾರ್ಧದವರಿಗೆ ಉದ್ದನೆಯ ಬಾಲ ತೋರಿಸಿತು. ಅಷ್ಟು ಹತ್ತಿರ ಹೋದದ್ದೇ ಉಳಿಯಿತು, ಇದು ಉಳಿಯದೇ ಎಂದುಕೊಂಡವರು ಬೇಕಾದಷ್ಟು ಜನ.

ಇನ್ನೂ ಒಂದು ಮಾತು. ಅಣ್ಣ ಮಲಗಿರುವಾಗ ಅವಳು ಉಳಿಯುತ್ತದೆ ಎಂದೇ ಬರೆಯುತ್ತಾಳೆ. ಇದನ್ನು ನೀವು ಬರೆಯಬೇಕಾಗಿಲ್ಲ.

ಮೂಲೆಯೋದುಗ

ನನಗೆ ಒಳಗೊಳಗೇ ಕಸಿವಿಸಿ. "ನಾಳೆ ಕಾಣಬಹುದು" ಎಂದು ಬರೆದಿದ್ದರೆ ಒಪ್ಪುತ್ತೇನೆ. "ಇಂದು ಕಂಡೆ" ಎಂದು ಬರೆಯುವುದು ನಂಬಿ ಬಂದ ಓದುಗನಿಗೆ ಮಾಡಿದ ಮೋಸವಲ್ಲವೇ? ಓದುಗನಾಗಿ ನನಗೆ ಅವಳ ಮೇಲೆ ಸಿಟ್ಟು ಬರುತ್ತದೆ.

ಕತ್ತರಿ

ಬರಲಿ. ಸಿಟ್ಟು ಬರುವಂಥ ನಾಯಕಿ ಸಿಗುವುದು ಅಪರೂಪ. ಆದರೆ ಅವಳು ಹಾಗೆ ಬರೆಯುವಂತೆ ಮಾಡಿದ್ದು ಓದುಗರೇ ಅಲ್ಲವೇ ಎಂಬುದನ್ನೂ ಯೋಚಿಸಿ. ವಾರಕ್ಕೆರಡು ಸಲ ತಪ್ಪದೆ ಬರಬೇಕು, ಬಂದದ್ದು ತಾಜಾ ಇರಬೇಕು, ಅವಳು ಮಾತ್ರ ಯಾವ ಕಷ್ಟವೂ ಇಲ್ಲದೆ ದಿನಾ ಮಹಡಿಯ ಮೇಲೆ ನಿಂತಿರಬೇಕು. ಇಂಥ ನಿರೀಕ್ಷೆಯನ್ನು ನಾವೆಲ್ಲ ಇಟ್ಟುಕೊಂಡಿರುತ್ತೇವೆ.

ಇರುಳುಗಣ್ಣ

ಅವಳು ಹೋದದ್ದು ತನ್ನದೇ ಕಣ್ಣಿನ ಶಸ್ತ್ರಚಿಕಿತ್ಸೆಗೆ ಎಂದಿಟ್ಟುಕೊಂಡರೆ? ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದಾಳೆ, ಇತ್ತ ಅವಳ ಬರಹ "ಕಂಡೆ" ಎನ್ನುತ್ತಿದೆ.

ಕತ್ತರಿ

ಮೊದಲ ಸಲ ಕೇಳಿದಾಗ ಭಲೇ ಎನಿಸುತ್ತದೆ, ಎರಡನೆಯ ಸಲಕ್ಕೆ ಕಥೆಗಾರನ ಕೈ ಕಾಣುತ್ತದೆ. ಅಣ್ಣನೇ ಇರಲಿ.

ಮಸಿಕುಡಿಕೆ

ನಿನ್ನೆ ರಾತ್ರಿ ಕೂತು ನಡುವಿನ ಒಂದು ತುಣುಕು ಬರೆದಿದ್ದೇನೆ. ಡಿಸೆಂಬರ್ 8. ಅವಳು ಮನೆಗೆ ಮರಳಿದ್ದಾಳೆ, ಅಂದುಕೊಂಡದ್ದಕ್ಕಿಂತ ಬೇಗ. ಏಕೆ ಬೇಗ ಎಂಬುದನ್ನು ಬರೆದಿಲ್ಲ. ಬೈಯುವುದಿದ್ದರೆ ಬೈಯಿರಿ.

*ಚೀಲವನ್ನು ಬಾಗಿಲ ಬಳಿಯೇ ಇಟ್ಟು, ಚಪ್ಪಲಿ ಬಿಡದೆ, ಕಂಪ್ಯೂಟರ್ ಹಾಕಿದಳು. ಶುಕ್ರವಾರ, ಡಿಸೆಂಬರ್ 6, ಬೆಳಿಗ್ಗೆ 6.00. ಅವಳದೇ ಬರಹ.*

*"ಇಂದು ಬೆಳಗಿನ ಜಾವ ಎದ್ದು ಮಹಡಿಗೆ ಹೋದೆ. ಪೂರ್ವದಲ್ಲಿ, ಮನೆಗಳ ಸಾಲಿನಿಂದ ಒಂದು ಗೇಣು ಮೇಲೆ, ಮೊದಲು ಬಾಲ ಕಂಡಿತು, ಆಮೇಲೆ ತಲೆ. ಇಷ್ಟು ತಿಂಗಳು ಕಾದದ್ದು ಸಾರ್ಥಕವಾಯಿತು. ಕೈ ಎಷ್ಟು ನಡುಗಿತೆಂದರೆ ಬೈನಾಕ್ಯುಲರ್ ಕೆಳಗಿಟ್ಟು ಬರಿಗಣ್ಣಿನಲ್ಲೇ ನೋಡಿದೆ."*

*ತನ್ನದೇ ಕೈ ನಡುಗಿದ್ದನ್ನು ಅವಳು ಎರಡು ಸಲ ಓದಿದಳು. ಬರೆಯುವಾಗ ಈ ಸಾಲಿನ ಬಗ್ಗೆ ಅವಳಿಗೆ ಹೆಮ್ಮೆ ಎನಿಸಿತ್ತು.*

*ಕೆಳಗೆ ಮೂರು ಪ್ರತಿಕ್ರಿಯೆಗಳು.*

*"ಮೇಡಂ, ಐಸಾನ್ ಕರಗಿ ಒಂದು ವಾರವಾಯಿತು. ಸುದ್ದಿ ನೋಡಿಲ್ಲವೇ?"*

*"ಇದನ್ನು ಯಾವಾಗ ಬರೆದದ್ದು?"*

*ಮೂರನೆಯದು ಯಾವಾಗಲೂ ಬರೆಯುವ ಹಳೆಯ ಓದುಗನದು. "ನನಗೂ ಕಂಡಿತು. ಬಾಲ ನೀವು ಬರೆದಷ್ಟು ಉದ್ದ ಇರಲಿಲ್ಲ. ಆದರೆ ಕಂಡಿತು."*

*ಕಂಬನಿ ತುಂಬಿದ ಕಣ್ಣುಗಳಿಂದ ಅವಳು ಪರದೆಯನ್ನೇ ದಿಟ್ಟಿಸುತ್ತಾ ಕುಳಿತಳು.*

ಕತ್ತರಿ

ಕೊನೆಯ ಸಾಲು ತೆಗೆಯಿರಿ. ಇವತ್ತೇ ತೆಗೆಯಿರಿ. "ಆದರೆ ಕಂಡಿತು" ಎಂದ ಮೇಲೆ ಅವಳು ಏನು ಮಾಡಿದಳೆಂದು ನೀವು ಹೇಳಿದರೆ ಓದುಗನಿಗೆ ಮಾಡಲು ಏನು ಉಳಿಯಿತು? "ಇಷ್ಟು ತಿಂಗಳು ಕಾದದ್ದು ಸಾರ್ಥಕವಾಯಿತು" ಎಂಬುದೂ ಬೇಡ, ಅದು ನಿಜವಾಗಿ ಕಂಡವರು ಬರೆಯುವ ಮಾತಲ್ಲ. ಅಥವಾ, ತಾಳಿ, ಅದಕ್ಕೇ ಇರಲಿ. ಕಾಣದವಳು ಬರೆದದ್ದಲ್ಲವೇ. ಇರಲಿ ಬಿಡಿ.

ಚಪ್ಪಲಿ ಬಿಡದೆ ಕೂತದ್ದು ಚೆನ್ನಾಗಿದೆ. ಹೆಮ್ಮೆಯ ಸಾಲು ಇನ್ನೂ ಚೆನ್ನಾಗಿದೆ.

ಚುಕ್ಕಿಲೆಕ್ಕ

ಬಾಲ ಮೊದಲು, ತಲೆ ಆಮೇಲೆ ಎಂಬುದು ಸರಿ. ಧೂಮಕೇತುವಿನ ಬಾಲ ಯಾವಾಗಲೂ ಸೂರ್ಯನಿಗೆ ವಿರುದ್ಧ ದಿಕ್ಕಿಗೆ ಚಾಚಿರುತ್ತದೆ. ಹಾಗಾಗಿ ಸೂರ್ಯೋದಯಕ್ಕೆ ಮುನ್ನ ಮೂಡುವಾಗ ಬಾಲವೇ ಮೇಲಿರುತ್ತದೆ. ಕಾಣದಿದ್ದರೂ ಸರಿಯಾಗಿ ಬರೆದಿದ್ದಾಳೆ. ಬಲ್ಲವಳೆಂದು ಇದರಿಂದಲೇ ಗೊತ್ತಾಗುತ್ತದೆ.

ಮೂಲೆಯೋದುಗ

ಆ ಮೂರನೆಯ ಓದುಗನನ್ನು ಏನೆಂದು ತಿಳಿಯಬೇಕು? ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯವನೇ? ಇಲ್ಲವೇ ಅವಳ ಮಾನ ಉಳಿಸಲು ಸುಳ್ಳು ಹೇಳುತ್ತಿದ್ದಾನೆಯೇ? ಬಾಲ ಅಷ್ಟು ಉದ್ದ ಇರಲಿಲ್ಲ ಎಂದು ಬೇರೆ ತಿದ್ದುತ್ತಾನೆ. ಸುಳ್ಳು ಹೇಳುವವನು ತಿದ್ದುವುದೇಕೆ?

ಹಳೇಕಾಗದ

ಸುಳ್ಳು ಹೇಳುವವನೇ ತಿದ್ದುತ್ತಾನೆ. ಒಂದಿಷ್ಟು ಭಿನ್ನಾಭಿಪ್ರಾಯ ಬೆರೆಸಿದರೆ ಸಾಕ್ಷಿಗೆ ತೂಕ ಬರುತ್ತದೆ.

ಇರುಳುಗಣ್ಣ

ನನಗೆ ಹಾಗೆ ಅನಿಸಲಿಲ್ಲ. ಅವನು ಅವಳ ಅಣ್ಣನ ವಿಷಯ ಹೇಗೋ ತಿಳಿದವನು ಎಂದುಕೊಂಡೆ.

ಕತ್ತರಿ

ಅದನ್ನು ನಿಮ್ಮ ಮನಸ್ಸಿನಲ್ಲೇ ಇಟ್ಟುಕೊಳ್ಳಿ, ಮಸಿಕುಡಿಕೆ ಅವರ ಕಿವಿಗೆ ಹಾಕಬೇಡಿ.

ಚುಕ್ಕಿಲೆಕ್ಕ

ಅವನು ಸುಳ್ಳು ಹೇಳಿರದೆಯೂ ಇರಬಹುದು. ಆ ಡಿಸೆಂಬರಿನಲ್ಲಿ ಬೆಳಗಿನ ಜಾವ ಆಕಾಶದಲ್ಲಿ ಬೇರೊಂದು ಧೂಮಕೇತು ನಿಜವಾಗಿಯೂ ಇತ್ತು. ಆಸ್ಟ್ರೇಲಿಯಾದ ಹವ್ಯಾಸಿ ಟೆರ‍್ರಿ ಲವ್‌ಜಾಯ್, ನಾನು ಮೊದಲು ಹೇಳಿದ 2011ರದನ್ನು ಕಂಡುಹಿಡಿದವರೇ, 2013ರ ಸೆಪ್ಟೆಂಬರಿನಲ್ಲಿ ಮತ್ತೊಂದನ್ನು ಪತ್ತೆ ಮಾಡಿದ್ದರು. ಯಾವ ಸದ್ದುಗದ್ದಲವೂ ಇಲ್ಲದೆ ಬಂದ ಅದು ನವೆಂಬರ್, ಡಿಸೆಂಬರಿನಲ್ಲಿ ಕತ್ತಲಿರುವ ಕಡೆ ಬರಿಗಣ್ಣಿಗೇ ಮಸುಕಾಗಿ ಕಾಣುತ್ತಿತ್ತು. ಬೈನಾಕ್ಯುಲರ್ ಇದ್ದರೆ ಚಿಕ್ಕದೊಂದು ಬಾಲವೂ ಕಾಣುತ್ತಿತ್ತು. ಐಸಾನ್ ಹುಡುಕಲು ಎದ್ದ ಎಷ್ಟೋ ಜನ ಅದನ್ನು ನೋಡಿಕೊಂಡು ಸಮಾಧಾನ ಪಟ್ಟರು.

ಅವಳ ಬರಹ ಓದಿ ಮಹಡಿಗೆ ಹೋಗಿದ್ದಾನೆ, ಪೂರ್ವದಿಂದ ಸ್ವಲ್ಪ ಎಡಕ್ಕೆ, ಇನ್ನೂ ಎತ್ತರದಲ್ಲಿ ಏನೋ ಕಂಡಿದೆ, ಬಾಲ ಗಿಡ್ಡ. ಅವನ ವಾಕ್ಯ ಅಕ್ಷರಶಃ ನಿಜ.

ಮೂಲೆಯೋದುಗ

ಸಿಟ್ಟು ಇಳಿಯಿತು.

ಕತ್ತರಿ

ಇದು ಕಥೆಗೆ ಸಿಕ್ಕ ನಿಧಿ. ಆದರೆ ಇದನ್ನು ಹೇಳಿಬಿಟ್ಟರೆ ಕಥೆ ಒಗಟಿನ ಉತ್ತರವಾಗುತ್ತದೆ, "ಓಹೋ, ಹಾಗೋ" ಎಂದು ಓದುಗ ಪುಟ ಮುಚ್ಚುತ್ತಾನೆ. ಲವ್‌ಜಾಯ್ ಹೆಸರು ಬರಕೂಡದು. ಬಲ್ಲ ಓದುಗ ತಾನೇ ಹಿಡಿಯುತ್ತಾನೆ, ತಿಳಿಯದವನಿಗೆ ಸುಳ್ಳೋ ನಿಜವೋ ಎಂಬ ತಳಮಳ ಉಳಿಯುತ್ತದೆ. ಎರಡೂ ನನಗೆ ಒಪ್ಪಿಗೆ.

ಚುಕ್ಕಿಲೆಕ್ಕ

ಇಲ್ಲಿ ನಿಮ್ಮ ಮಾತು ಒಪ್ಪುವುದಿಲ್ಲ. ಅವಳು ಆಕಾಶ ಬಲ್ಲವಳು. ಆ ಪ್ರತಿಕ್ರಿಯೆ ಓದಿದ ಅರೆಕ್ಷಣದಲ್ಲಿ ಅವನು ಏನನ್ನು ಕಂಡನೆಂದು ಅವಳಿಗೆ ಹೊಳೆಯಲೇಬೇಕು. ಹೊಳೆಯಲಿಲ್ಲ ಎಂದರೆ ಅವಳ ಮೇಲಿನ ನಂಬಿಕೆ ಹೋಗುತ್ತದೆ. ಹೊಳೆದೂ ಕಥೆಗಾರ ಮುಚ್ಚಿಟ್ಟರೆ ಅದೂ ಒಂದು ಮೋಸವೇ. ಮೂಲೆಯೋದುಗ ಅವರು ಆಗಲೇ ಆಡಿದ ಮಾತನ್ನು ಈಗ ನಾನು ಆಡುತ್ತಿದ್ದೇನೆ.

ರಾತ್ರಿಪಾಳಿ

ಮತ್ತೆ ನಡುವೆ ಬಾಯಿ ಹಾಕುತ್ತಿದ್ದೇನೆ. ಡಿಸೆಂಬರ್ 8ಕ್ಕೆ ಅವಳು ಮರಳಿದಳು ಎಂದರೆ ಸರದಿಯಲ್ಲಿ ಇನ್ನೂ ಬರಹಗಳಿವೆ, ಅಲ್ಲವೇ? 10ರದ್ದು, 13ರದ್ದು. ಅವಳು ಮಾಡಬೇಕಾದ ಮೊದಲ ಕೆಲಸ ಅದನ್ನು ನಿಲ್ಲಿಸುವುದು. ಅದು ಸುಲಭ, ಕರಡು ಸ್ಥಿತಿಗೆ ಮರಳಿಸಿದರೆ ಮುಗಿಯಿತು, ಹೊರಗಿನವರಿಗೆ ಅದು ಇತ್ತೆಂಬುದೇ ತಿಳಿಯುವುದಿಲ್ಲ.

ಆದರೆ ಗಾಬರಿಯಲ್ಲಿ ಜನ ಸಾಮಾನ್ಯವಾಗಿ ಮಾಡುವ ಕೆಲಸ ಬೇರೆ. ತಾರೀಖನ್ನು ಒಂದು ವರ್ಷ ಮುಂದಕ್ಕೆ ತಳ್ಳಲು ಹೋಗುತ್ತಾರೆ. ವರ್ಷದ ಪೆಟ್ಟಿಗೆಯಲ್ಲಿ 2014 ಎನ್ನುವಲ್ಲಿ 2012 ಎಂದು ಬಿದ್ದರೆ, ಕಳೆದುಹೋದ ತಾರೀಖು ಎಂದು ವರ್ಡ್‌ಪ್ರೆಸ್ ಅದನ್ನು ಆ ಕ್ಷಣವೇ ಪ್ರಕಟಿಸುತ್ತದೆ. ಯಾರೂ ಬಾಗಿಲು ತಟ್ಟಬೇಕಾಗಿಲ್ಲ. ಫೀಡ್, ಅಂದರೆ ಹೊಸ ಬರಹಗಳನ್ನು ತಾನಾಗಿ ತಲುಪಿಸುವ ಪಟ್ಟಿ, ಓದುವವರ ಬಳಿ ಪ್ರತಿ ಹೋಗಿಬಿಟ್ಟಿರುತ್ತದೆ, ಆಮೇಲೆ ಅಳಿಸಿದರೂ ಅವರಲ್ಲಿ ಉಳಿಯುತ್ತದೆ. ಹಳೇಕಾಗದ ಅವರು ಒಂದು ಜಾರಿಕೆ ಬೇಕು ಎಂದಿದ್ದರಲ್ಲ, ಅದನ್ನು ಇಲ್ಲಿ ಇಡಬಹುದು.

ಹಳೇಕಾಗದ

ಸರಿಯಾದ ಜಾಗ.

ಮಸಿಕುಡಿಕೆ

ಎಲ್ಲರಿಗೂ ಒಟ್ಟಿಗೇ ಉತ್ತರಿಸುತ್ತೇನೆ.

ಕಂಬನಿಯ ಸಾಲು ಹೋಯಿತು. ಚುಕ್ಕಿಲೆಕ್ಕ ಅವರ ಆಕ್ಷೇಪವನ್ನು ಕಡೆಗಣಿಸಲು ಆಗುವುದಿಲ್ಲ, ಅವಳಿಗೆ ಹೊಳೆಯಲೇಬೇಕು. ಹಾಗಾಗಿ ಅವಳು ಉತ್ತರ ಬರೆಯುತ್ತಾಳೆ, ಆ ಓದುಗನಿಗೆ ಮಾತ್ರ. ಹೆಸರು ಹೇಳುವುದಿಲ್ಲ. "ನೀವು ಕಂಡದ್ದು ಪೂರ್ವದಿಂದ ಎಡಕ್ಕೆ, ಇನ್ನೂ ಮೇಲೆ ಇತ್ತೇ?" ಎಂದಷ್ಟೇ ಕೇಳುತ್ತಾಳೆ. ಬಲ್ಲವರಿಗೆ ಇಷ್ಟು ಸಾಕು, ಕತ್ತರಿ ಅವರಿಗೂ ಸಾಕೆಂದುಕೊಂಡಿದ್ದೇನೆ. ಅವನು "ಹೌದು" ಎಂದು ಉತ್ತರಿಸುವ ಹೊತ್ತಿಗೆ ಅವಳು ಮಹಡಿಯಲ್ಲಿರುತ್ತಾಳೆ, ಈ ಸಲ ನಿಜವಾಗಿ. ಕಂಡಿತೋ ಇಲ್ಲವೋ ಬರೆಯುವುದಿಲ್ಲ.

10ನೇ ತಾರೀಖಿನ ಬರಹ ತಪ್ಪು ವರ್ಷ ಬಿದ್ದು ಹೊರಗೆ ಹೋಗಬೇಕೇ ಬೇಡವೇ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಹೋಗುವುದಾದರೆ ಅದು ಅಣ್ಣನ ಬಗ್ಗೆ ಒಂದು ಮಾತು ಬಾಯಿತಪ್ಪಿ ಬಂದಿರುವ ಬರಹವಾಗಿರಬೇಕು, ಬರೆಯುವಾಗ ಅವಳೇ ಗಮನಿಸದೆ ಉಳಿದದ್ದು. ರಾತ್ರಿಪಾಳಿ ಅವರೇ, ಒಂದು ವಿವರ ಬೇಕು. ತಪ್ಪು ವರ್ಷ ಹಾಕಿದರೆ ಆ ಬರಹ ತಾಣದ ಮೊದಲ ಪುಟದಲ್ಲಿ ಮೇಲೆ ಕಾಣುತ್ತದೆಯೇ, ಅಥವಾ 2012ರ ಹಳೆಯ ಬರಹಗಳ ನಡುವೆ ಹೋಗಿ ಕೂರುತ್ತದೆಯೇ?

ರಾತ್ರಿಪಾಳಿ

ತಾರೀಖಿನ ಕ್ರಮದಲ್ಲಿ ಜೋಡಿಸುವುದರಿಂದ 2012ರ ನಡುವೆ ಹೋಗಿ ಕೂರುತ್ತದೆ. ಮೊದಲ ಪುಟದಲ್ಲಿ ಕಾಣುವುದಿಲ್ಲ. ಹುಡುಕಿಕೊಂಡು ಹಿಂದಕ್ಕೆ ಹೋದವರಿಗೆ ಮಾತ್ರ ಸಿಗುತ್ತದೆ. ಮೇಲೆ ನಾನು ಫೀಡ್ ಬಗ್ಗೆ ಹೇಳಿದ್ದೂ ಈ ಲೆಕ್ಕದಲ್ಲಿ ಸಡಿಲವಾಗುತ್ತದೆ. ಫೀಡ್‌ನಲ್ಲಿ ಇತ್ತೀಚಿನ ತಾರೀಖಿನವು ಹತ್ತೋ ಹದಿನೈದೋ ಇರುತ್ತವೆ, ಒಂದು ವರ್ಷ ಹಿಂದಿನದು ಅದರೊಳಗೆ ಬರುವುದಿಲ್ಲ.

ಮಸಿಕುಡಿಕೆ

ಹಾಗಾದರೆ ಹೊರಗೆ ಹೋಗಲಿ. ಹಳೆಯ ಬರಹಗಳನ್ನೆಲ್ಲ ತಿರುವಿ ಹಾಕುವ ಓದುಗ ಒಬ್ಬನಂತೂ ಇದ್ದಾನೆ. ಆ ಭಾಗ ಬರೆದು ಮುಂದಿನ ವಾರ ಇಲ್ಲೇ ಹಾಕುತ್ತೇನೆ.

ಕತ್ತರಿ

ಹಾಕಿ. ಬರೆದ ಮೇಲೆ ಹಾಕಿ, ತಾರೀಖು ಇಟ್ಟು ಹೋಗಬೇಡಿ.